ವಾರಾನ್ನದಿಂದ ಹಕ್ಕಿನವರೆಗೆ: ವಿದ್ಯಾರ್ಥಿವೇತನ ನಡೆದು ಬಂದ ದಾರಿ

ಹತ್ತನೆಯ, ಹನ್ನೆರಡನೆಯ ತರಗತಿಯ ಫಲಿತಾಂಶ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಒಂದೇ ಚಿಂತೆ. ಮುಂದೆ ಓದಿಸಲು ರೊಕ್ಕ ಎಲ್ಲಿಂದ ತರುವುದು? ಸ್ಕಾಲರ್‌ಶಿಪ್ ಎಂದರೆ ಸರಕಾರದ ಪುಕ್ಕಟೆ ದುಡ್ಡು ಎಂದು ಮೂಗು ಮುರಿಯುವವರಿದ್ದಾರೆ. ಅರ್ಜಿ ಹಾಕಲು ನಾಚುವ ಪಾಲಕರೂ ಇದ್ದಾರೆ. ಈ ಹಣದ ಹಿಂದಿನ ಇತಿಹಾಸ ತಿಳಿದರೆ ಮೂಗು ಮುರಿಯುವುದೂ ನಿಂತೀತು, ನಾಚಿಕೆಯೂ ಹೋದೀತು.

ಓದುವ ಹುಡುಗನ ಊಟ-ವಸತಿಯ ಹೊಣೆಯನ್ನು ಊರು ಹೊರುವುದು ನಮ್ಮ ಕಡೆ ಹೊಸದೇನಲ್ಲ. ಭೀಮೆಯ ಆಚೆ, ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಕಂಬದ ಶಾಸನವಿದೆ. ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ್ದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇರಲು 27 ಮನೆಗಳು, ಶಾಲೆಯ ಖರ್ಚಿಗೆ 500 ನಿವರ್ತನ ಭೂಮಿ, ದೀಪದ ಎಣ್ಣೆಗೆಂದೇ 12 ನಿವರ್ತನ. ಸಾಲದ್ದಕ್ಕೆ ಊರಿನವರು ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಜವಳಕ್ಕೆ ಅರ್ಧದ ಅರ್ಧ ಶಾಲೆಗೆ ಕೊಡಬೇಕು. ಯಾವ ಮೂಲದಿಂದ ಎಷ್ಟು ಬರಬೇಕು, ಯಾವುದಕ್ಕೆ ಖರ್ಚಾಗಬೇಕು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆದಿಟ್ಟರು.

ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದು ವೇದಶಾಸ್ತ್ರ ಓದುವವರ ಶಾಲೆ. ಪೇಶ್ವೆಗಳ ಕಾಲದ ದಕ್ಷಿಣೆಯೂ ಬ್ರಾಹ್ಮಣ ಪಂಡಿತರಿಗೇ ಹೋಗುತ್ತಿತ್ತು. ಮುಂದೆ ಇಂಗ್ಲಿಷರು ಅದೇ ಹಣದಲ್ಲಿ ಕಾಲೇಜು ನಡೆಸಿ, ದಕ್ಷಿಣಾ ಫೆಲೋಶಿಪ್ ಇಟ್ಟರು. ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನವಾದರೂ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದು ಮುಗಿಸಿದವರು ಎಷ್ಟೋ ಮಂದಿ. ಅದರಲ್ಲೂ ಅವಮಾನಗಳಿದ್ದವು. ಆದರೆ ರೈತನ ಮಗನಿಗೆ, ಹೊಲೆಯ ಮಾದಿಗರ ಮಗನಿಗೆ ವಾರಾನ್ನ ಹಾಕುವ ಮನೆ ಪಟ್ಟಣದಲ್ಲಿ ಎಲ್ಲಿತ್ತು?

ಈ ಪ್ರಶ್ನೆಗೆ ಉತ್ತರ ಕೊಡಲು ಹೊರಟವರಲ್ಲಿ ಕೊಲ್ಲಾಪುರದ ಶಾಹೂ ಮಹಾರಾಜರು ದೊಡ್ಡವರು. ಶಾಲೆ ಇದ್ದರೆ ಸಾಲದು, ಹಳ್ಳಿಯ ಹುಡುಗನಿಗೆ ಊಟ ಮತ್ತು ಮಲಗಲು ಜಾಗ ಬೇಕು ಎಂಬುದನ್ನು ಅವರು ಅರಿತಿದ್ದರು. ಎಲ್ಲರಿಗೂ ಒಂದೇ ವಸತಿಗೃಹ ಎಂಬ ಮೊದಲ ಪ್ರಯತ್ನ ಕೈಗೂಡದಿದ್ದಾಗ ಒಂದೊಂದು ಸಮಾಜಕ್ಕೆ ಒಂದೊಂದು ಬೋರ್ಡಿಂಗ್ ಕಟ್ಟಲು ನೆರವಾದರು. 1901ರಲ್ಲಿ ಮರಾಠಾ ಬೋರ್ಡಿಂಗ್, ಮುಂದೆ ಜೈನ, ಲಿಂಗಾಯತ, ಮುಸ್ಲಿಂ ಬೋರ್ಡಿಂಗ್‌ಗಳು, 1908ರಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲ್. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದ ಭಾವೂರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದರು. ದುಡಿದು ಕಲಿಯುವ ದಾರಿಯನ್ನು ಸಾವಿರಾರು ಮಕ್ಕಳಿಗೆ ತೋರಿದರು. ಒಂದು ಹಾಸ್ಟೆಲಿನ ಊಟ ಎಷ್ಟು ದೂರ ಹೋಗಬಲ್ಲದು ನೋಡಿ!

ಅದೇ ಕಾಲಕ್ಕೆ ಕನ್ನಡದ ನೆಲದಲ್ಲೂ ಇಂಥ ಕೆಲಸ ನಡೆದಿತ್ತು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಶಿಕ್ಷಣಕ್ಕೆ ಬರೆದಿಟ್ಟರು. ಆ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿ ಮೇಲೆ ಬಂದವರು ಬಹಳ. ಇಂದಿಗೂ ಜನ ಅವರನ್ನು ತ್ಯಾಗವೀರ ಎಂದೇ ಕರೆಯುತ್ತಾರೆ.

ಇನ್ನು ಡಾ. ಅಂಬೇಡ್ಕರರ ಓದಿನ ವಿಷಯ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅವರಿಗೆ ಬಡೋದೆಯ ಸಯಾಜಿರಾವ್ ಮಹಾರಾಜರಿಂದ ತಿಂಗಳಿಗೆ 25 ರೂಪಾಯಿ ಬರುತ್ತಿತ್ತು. 1913ರ ಫೆಬ್ರುವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ಬಡೋದೆ ಸಂಸ್ಥಾನದೊಂದಿಗೆ ಕರಾರಾಯಿತು: ಮೂರು ವರ್ಷ ತಿಂಗಳಿಗೆ ಹನ್ನೊಂದೂವರೆ ಪೌಂಡ್, ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ನೌಕರಿ. ಜುಲೈಯಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. 1917ರಲ್ಲಿ ವೇತನದ ಅವಧಿ ಮುಗಿಯಿತು. ಲಂಡನ್ನಿನ ಓದು ಅರ್ಧಕ್ಕೇ ನಿಂತಿತು. ಕರಾರಿನಂತೆ ಬಡೋದೆಗೆ ಬಂದರೆ, ಅಷ್ಟು ಓದಿದವರಿಗೆ ಆ ಊರಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ನೌಕರಿ ಬಿಟ್ಟು ಮುಂಬಯಿಗೆ ಮರಳಬೇಕಾಯಿತು. ಅಲ್ಲಿ ಪ್ರಾಧ್ಯಾಪಕರಾಗಿ ದುಡಿದು ಉಳಿಸಿದ ಹಣ, ಶಾಹೂ ಮಹಾರಾಜರ ನೆರವು, ಗೆಳೆಯರೊಬ್ಬರಿಂದ ತಂದ ಸಾಲ ಇವುಗಳ ಬಲದಿಂದ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು.

ಒಬ್ಬ ಮಹಾರಾಜರ ಒಳ್ಳೆಯ ಮನಸ್ಸಿನಿಂದ ಒಬ್ಬ ಹುಡುಗ ಓದಿದ. ಅವನ ಹಾಗೇ ಜಾಣರಾದ ಉಳಿದ ಸಾವಿರ ಹುಡುಗರ ಗತಿ? ಅಂಬೇಡ್ಕರರು ಈ ಪ್ರಶ್ನೆಯನ್ನು ಮರೆಯಲಿಲ್ಲ. 1924ರಲ್ಲಿ ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣೀ ಸಭೆಯು 1925ರ ಜನವರಿಯಲ್ಲಿ ವಸತಿಗೃಹ ತೆರೆದದ್ದು ಬೇರೆಲ್ಲೂ ಅಲ್ಲ, ನಮ್ಮ ಸೊಲ್ಲಾಪುರದಲ್ಲಿ! ಮಕ್ಕಳಿಗೆ ಊಟ, ಬಟ್ಟೆ, ಓದಿನ ಸಾಮಾನುಗಳನ್ನು ಸಭೆ ಕೊಡುತ್ತಿತ್ತು. ಸೊಲ್ಲಾಪುರದ ನಗರಸಭೆ ತಿಂಗಳಿಗೆ 40 ರೂಪಾಯಿ ಅನುದಾನ ಕೊಟ್ಟಿತು.

1942ರಲ್ಲಿ ವೈಸ್‌ರಾಯರ ಕಾರ್ಯಕಾರಿ ಮಂಡಳಿಯ ಸದಸ್ಯರಾದಾಗ ಅವರು ಸುಮ್ಮನೆ ಕೂರಲಿಲ್ಲ. ಅದೇ ಅಕ್ಟೋಬರಿನಲ್ಲಿ ವೈಸ್‌ರಾಯ್ ಲಿನ್‌ಲಿಥ್‌ಗೋ ಅವರಿಗೆ ಪರಿಶಿಷ್ಟ ಜಾತಿಗಳ ಅಹವಾಲನ್ನು ಬರೆದುಕೊಟ್ಟರು. ಅದರಲ್ಲಿ ಉನ್ನತ ಶಿಕ್ಷಣದ ವಿದ್ಯಾರ್ಥಿವೇತನವೂ ಒಂದು ಬೇಡಿಕೆ. ಸರಕಾರ 3 ಲಕ್ಷ ರೂಪಾಯಿ ಒಪ್ಪಿತು. 1944ರಲ್ಲಿ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಶುರುವಾಯಿತು, 1948ರಿಂದ ಪರಿಶಿಷ್ಟ ಪಂಗಡಗಳಿಗೂ ಬಂತು. ಅರಸರ ಕೃಪೆಯಾಗಿದ್ದದ್ದು ನಿಯಮವಾಯಿತು. ಯಾರ ಗುರುತು ಪರಿಚಯವೂ ಬೇಡ; ಅರ್ಹತೆ ಇದ್ದರೆ ಸಾಕು. 2020ರ ಡಿಸೆಂಬರಿನಲ್ಲಿ ಇದೇ ಯೋಜನೆಗೆ ಐದು ವರ್ಷಕ್ಕೆಂದು 59,048 ಕೋಟಿ ರೂಪಾಯಿಗೆ ಕೇಂದ್ರ ಸಂಪುಟ ಮಂಜೂರಾತಿ ಕೊಟ್ಟಿತು. ಅದರಲ್ಲಿ ಕೇಂದ್ರದ ಪಾಲು ಶೇಕಡಾ 60.

ಗಡಿಭಾಗದ ನಾವು ಗಮನಿಸಬೇಕಾದ ಒಂದು ಮಾತು ಈ ನಿಯಮದಲ್ಲೇ ಇದೆ. ಪೋಸ್ಟ್ ಮೆಟ್ರಿಕ್ ವೇತನ ಕೊಡುವುದು ವಿದ್ಯಾರ್ಥಿ ಕಾಯಂ ನೆಲೆಸಿರುವ ರಾಜ್ಯ, ಕಾಲೇಜು ಇರುವ ರಾಜ್ಯವಲ್ಲ. ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯದು ಮುಗಿಸಿ ವಿಜಯಪುರಕ್ಕೋ ಕಲಬುರಗಿಗೋ ಧಾರವಾಡಕ್ಕೋ ಹೋಗುತ್ತಾರೆ. ಅಲ್ಲಿ ಕೇಳಿದರೆ "ನೀವು ಮಹಾರಾಷ್ಟ್ರದವರು" ಎನ್ನುತ್ತಾರೆ; ಇಲ್ಲಿ ಕೇಳಿದರೆ "ಓದುವುದು ಕರ್ನಾಟಕದಲ್ಲಿ" ಎನ್ನುತ್ತಾರೆ. ಎರಡೂ ಕಡೆ ಕೈ ತಪ್ಪಿತೆಂದು ಹುಡುಗ ಸುಮ್ಮನಾಗುತ್ತಾನೆ. ಸುಮ್ಮನಾಗಬಾರದು. ನಮ್ಮ ಜಿಲ್ಲೆಯ ಸಮಾಜ ಕಲ್ಯಾಣ ಕಚೇರಿಯಲ್ಲೇ ಕೇಳಬೇಕು. ಜಾತಿ ಪ್ರಮಾಣಪತ್ರ, ಉತ್ಪನ್ನದ ದಾಖಲೆ, ಡೊಮಿಸೈಲ್ ಈ ಮೂರನ್ನೂ ಪ್ರವೇಶಕ್ಕೆ ಮೊದಲೇ ತಹಶೀಲ್ ಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಬೇಕು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಅರ್ಜಿ ತುಂಬುವಾಗ ತಲೆ ತಗ್ಗಿಸಬೇಡಿ. ಮಕ್ಕಳಿಗೂ ಈ ಕಥೆ ಹೇಳಿ. ಸಾಲೋಟಗಿಯಲ್ಲಿ ಕೆಲವರಿಗಷ್ಟೇ ಇದ್ದ ಅನುಕೂಲ ಎಲ್ಲರ ಮಕ್ಕಳಿಗೆ ಬರಲು ಸಾವಿರ ವರ್ಷ ಹಿಡಿಯಿತು. ಅರ್ಜಿಯ ಕೊನೆಯ ದಿನಾಂಕ ತಪ್ಪಿಸಿ ಅದನ್ನು ಕಳೆದುಕೊಳ್ಳುವುದು ಬೇಡ.