ಗೋಧಿ, ಗುಜರಿ ಮತ್ತು ನಾಗಮಂಡಲ

ಗಿರೀಶ್ ಕಾರ್ನಾಡರ ‘ನಾಗಮಂಡಲ’ ನಾಟಕ ನೋಡಿರಬಹುದು, ಇಲ್ಲಾ ನಾಗಾಭರಣರ ಸಿನಿಮಾ ಆದ್ರೂ ನೋಡಿರ್ತೀರಿ. ಆ ನಾಟಕವನ್ನ ಕಾರ್ನಾಡರು ಬರೆದದ್ದು ಧಾರವಾಡದಲ್ಲೂ ಅಲ್ಲ, ಬೆಂಗಳೂರಲ್ಲೂ ಅಲ್ಲ. 1987-88ರಲ್ಲಿ ಅವರು ಫುಲ್‌ಬ್ರೈಟ್ ವಿದ್ವಾಂಸರಾಗಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ ಬರೆದದ್ದು. ಒಬ್ಬ ಕನ್ನಡದ ನಾಟಕಕಾರನನ್ನ ಅಮೆರಿಕ ಯಾಕೆ ಕರೆಸಿಕೊಂಡು ಸಾಕಬೇಕು? ಇವತ್ತು ನಾನು ಬೆನ್ನು ಹತ್ತಿರೋದು ಈ ಪ್ರಶ್ನೆಯನ್ನ.

ಶುರುವಾಗೋದು ಗುಜರಿಯಿಂದ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಸಾಮಾನು ಜಗತ್ತಿನ ತುಂಬ ಬಿದ್ದಿತ್ತು. ವಾಪಸ್ ಸಾಗಿಸೋದು ದುಬಾರಿ. ಅಲ್ಲೇ ಮಾರೋಣ ಅಂದ್ರೆ, ಕೊಳ್ಳುವ ದೇಶಗಳ ಹತ್ತಿರ ಡಾಲರ್ ಇಲ್ಲ. ಆಗ ವಿಲಿಯಂ ಫುಲ್‌ಬ್ರೈಟ್ ಅನ್ನೋ ಸೆನೆಟರ್ ಒಂದು ದಾರಿ ಹೇಳಿದ: ಅವರವರ ದುಡ್ಡಲ್ಲೇ ತಗೊಳ್ಳಿ, ಅದನ್ನ ವಿದ್ಯಾರ್ಥಿಗಳು, ಅಧ್ಯಾಪಕರ ವಿನಿಮಯಕ್ಕೆ ಖರ್ಚು ಮಾಡಿ. 1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿ ಅದು ಕಾನೂನಾಯ್ತು. ಭಾರತದ ಜೊತೆ ಒಪ್ಪಂದ ಆಗಿದ್ದು 1950ರ ಫೆಬ್ರವರಿ 2ರಂದು. ಸಹಿ ಹಾಕಿದವರು ನೆಹರೂ ಮತ್ತು ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್.

ಆಮೇಲೆ ಗೋಧಿ ಬಂತು. ಪಿಎಲ್-480 ಅಂತ ನಿಮ್ಮ ಅಜ್ಜ-ಅಜ್ಜಿಯರನ್ನ ಕೇಳಿ ನೋಡಿ, ನೆನಪಿರುತ್ತೆ. ಆ ಯೋಜನೆಯಲ್ಲಿ ಅಮೆರಿಕ ಗೋಧಿ ಕೊಡುತ್ತಿತ್ತು, ನಾವು ರೂಪಾಯಿಯಲ್ಲಿ ಬೆಲೆ ಕಟ್ಟುತ್ತಿದ್ದೆವು. ಆ ರೂಪಾಯಿಯನ್ನ ಹೆಚ್ಚುಕಡಿಮೆ ಇಲ್ಲೇ ಖರ್ಚು ಮಾಡಬೇಕು. ಹಾಗಾಗಿ ಅದು ರಾಶಿ ಬಿತ್ತು. 1962ರಿಂದ ಆ ದುಡ್ಡಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಭಾರತದ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸೋಕೆ ಶುರುಮಾಡಿದರು. ಅದರಲ್ಲಿ ಕನ್ನಡವೂ ಇತ್ತು. ನಮ್ಮ ಹಸಿವಿನ ಲೆಕ್ಕದಿಂದ ಅವರ ಗ್ರಂಥಾಲಯದ ಕಪಾಟು ತುಂಬಿತು. ಇದನ್ನ ಓದಿದಾಗ ನನಗೆ ಖುಷಿಯಾಯ್ತೋ ಸಂಕಟವಾಯ್ತೋ, ಈಗಲೂ ಹೇಳೋಕಾಗಲ್ಲ.

ಇಷ್ಟೆಲ್ಲಾ ಬರೀ ಪ್ರೀತಿಗೆ ಅಂದ್ಕೋಬೇಡಿ. ಅದು ಶೀತಲ ಸಮರದ ಕಾಲ. ರಾಯಭಾರ ಕಚೇರಿಯ ಮಾಹಿತಿ ವಿಭಾಗ ಯುಸಿಸ್ ಅಂತಲೇ ಹೆಸರಾಗಿತ್ತು. ಅದರ ಗ್ರಂಥಾಲಯಗಳು, ಸಿನಿಮಾ ಪ್ರದರ್ಶನ, 1960ರಲ್ಲಿ ಶುರುವಾದ ‘ಸ್ಪ್ಯಾನ್’ ಪತ್ರಿಕೆ, ಎಲ್ಲವೂ ನಮ್ಮ ಮನಸ್ಸು ಗೆಲ್ಲೋಕೆ. ರಷ್ಯಾದವರೂ ಅಗ್ಗದ ಪುಸ್ತಕ ಹಿಡ್ಕೊಂಡು ಅದೇ ಕೆಲಸ ಮಾಡ್ತಿದ್ರು ಬಿಡಿ. 1967ರಲ್ಲಿ ಇನ್ನೊಂದು ಸಂಗತಿ ಬಯಲಾಯ್ತು. ಲೇಖಕರು, ಚಿಂತಕರನ್ನ ಒಟ್ಟುಗೂಡಿಸಿದ್ದ ‘ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ’ ಸಂಸ್ಥೆಗೆ ಸಿಐಎ ಗುಟ್ಟಾಗಿ ಹಣ ಕೊಡ್ತಿತ್ತು! ಆ ಸಂಸ್ಥೆಗೆ ಭಾರತದಲ್ಲೂ ಶಾಖೆಯಿತ್ತು. ಅಲ್ಲಿಂದ ಮುಂದೆ ಅಮೆರಿಕದ ಯಾವ ಫೆಲೋಶಿಪ್ ಬಂದರೂ ಜನ ಹುಬ್ಬೇರಿಸಿದ್ದರಲ್ಲಿ ತಪ್ಪೇನಿದೆ?

ಆದ್ರೂ ನಾನು ಎರಡನ್ನೂ ಒಂದೇ ತಕ್ಕಡಿಗೆ ಹಾಕಲ್ಲ. ಫುಲ್‌ಬ್ರೈಟ್ ಲೆಕ್ಕ ಬಹಿರಂಗವಾಗಿತ್ತು, ಅದನ್ನ ನಡೆಸುವ ಮಂಡಳಿಯಲ್ಲಿ ಭಾರತೀಯರೂ ಕೂತಿದ್ದರು. ಯೋಜನೆಗೆ ಹೆಸರು ಕೊಟ್ಟ ಆ ಸೆನೆಟರನೇ 1966ರಲ್ಲಿ ವಿಯೆಟ್ನಾಂ ಯುದ್ಧದ ಬಗ್ಗೆ ತನ್ನದೇ ಸರ್ಕಾರವನ್ನ ಟಿವಿ ಮುಂದೆ ಪ್ರಶ್ನೆ ಮಾಡಿದ.

ಇನ್ನು, ಹೋದವರು ಏನು ಮಾಡಿದರು? ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಭಾಷಾಶಾಸ್ತ್ರ ಓದೋಕೆ ಹೋದರು. ಮುಂದೆ ಶಿಕಾಗೋದಲ್ಲೇ ಮೇಷ್ಟ್ರಾಗಿ ನೆಲೆ ನಿಂತರು. 1973ರಲ್ಲಿ ಅವರ ‘ಸ್ಪೀಕಿಂಗ್ ಆಫ್ ಶಿವ’ ಬಂತು. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರು ಇಂಗ್ಲಿಷ್ ಓದುಗರ ಕೈಗೆ ಸಿಕ್ಕರು. ಅಮೆರಿಕವನ್ನ ನಮಗೆ ಪರಿಚಯಿಸೋಕೆ ಅಂತ ತೆರೆದ ಬಾಗಿಲಿನಿಂದ ವಚನಗಳು ಆ ಕಡೆಗೆ ದಾಟಿದವು. ಇದು ಯಾವ ಅಧಿಕಾರಿಯ ಫೈಲಿನಲ್ಲೂ ಇದ್ದಿರಲಾರದು.

ಈಗ ಕಾರ್ನಾಡರ ಕಡೆ ಬರೋಣ. ‘ನಾಗಮಂಡಲ’ಕ್ಕೆ ಮೂಲ ಎರಡು ಜನಪದ ಕಥೆ. ಎರಡನ್ನೂ ತಮಗೆ ಹೇಳಿದ್ದು ರಾಮಾನುಜನ್ ಅಂತ ಕಾರ್ನಾಡರೇ ಬರೆದುಕೊಂಡಿದ್ದಾರೆ. ಅಡುಗೆಮನೆಯಲ್ಲಿ ಹೆಂಗಸರು ಮಕ್ಕಳಿಗೆ ಅನ್ನ ಉಣಿಸ್ತಾ ಹೇಳುವಂಥ ಕಥೆಗಳು ಅವು.

2008ರ ಹೊಸ ಒಪ್ಪಂದದಲ್ಲಿ ಭಾರತ ಸಮಪಾಲುದಾರ ಆಯ್ತು. ಆಮೇಲೆ ಮುಖ್ಯ ಫೆಲೋಶಿಪ್‌ಗಳಿಗೆ ‘ಫುಲ್‌ಬ್ರೈಟ್-ನೆಹರೂ’ ಅನ್ನೋ ಹೆಸರು ಬಂತು. ಈಗ ಅದರಲ್ಲಿ ನಮ್ಮ ತೆರಿಗೆ ದುಡ್ಡೂ ಇದೆ. ಅರ್ಜಿ ಹಾಕೋರು ಯಾವ ಮುಜುಗರವೂ ಇಲ್ಲದೆ ಹಾಕಿ.