ಕೂಡುವ ಹೊಳೆ, ಕವಲೊಡೆಯುವ ಹೊಳೆ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಹೊಸನಗರ ಸೀಮೆ ಹಾದು ಸಾಗರ ತಾಲ್ಲೂಕಿಗೆ ಬರುತ್ತಾಳೆ. ದಾರಿಯುದ್ದಕ್ಕೂ ಹಳ್ಳಗಳು ಬಂದು ಕೂಡುತ್ತವೆ. ಜೋಗದಲ್ಲಿ ಮಾತ್ರ ಉಲ್ಟಾ... ಒಂದೇ ಹೊಳೆ ರಾಜ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕಾಗಿ ಧುಮುಕುತ್ತದೆ.

ನಾವು ಶಾಲೆಯಲ್ಲಿ ಕಲಿತ ಬೀಜಗಣಿತ ಕೂಡುವ ಹೊಳೆ. ಎರಡು ಕೊಟ್ಟರೆ ಗುಣಾಕಾರ ಒಂದನ್ನು ಕೊಡುತ್ತದೆ. ಒಂದು ಕೊಟ್ಟರೆ ಜೋಡಿಯಾಗಿ ಬಿಡಿಸಿಕೊಡುವ ಕ್ರಿಯೆಯೂ ಇದೆ. ಸದ್ಯಕ್ಕೆ ಅದನ್ನು ಸಹಗುಣಾಕಾರ ಅನ್ನೋಣ. ಇವೆರಡೂ ಜಗಳವಾಡದೆ ಒಂದೇ ಮನೆಯಲ್ಲಿದ್ದರೆ ಅದೇ ಬೈಆಲ್ಜೀಬ್ರಾ.

ಕಥೆ ಶುರುವಾಗುವುದು 1941ರಲ್ಲಿ. ಜ್ಯೂರಿಕ್‌ನಲ್ಲಿದ್ದ ಹೈಂಜ್ ಹಾಪ್, ಗುಣಾಕಾರ ಮಾಡಲು ಬರುವ ಜಾಗಗಳ ಆಕಾರವನ್ನು ಅಭ್ಯಾಸ ಮಾಡುತ್ತಿದ್ದರು. ಆ ಆಕಾರದ ಲೆಕ್ಕದಲ್ಲಿ ಗುಣಾಕಾರ ಹಿಮ್ಮುಖವಾಗಿ, ಕವಲಾಗಿ ಕಾಣಿಸಿಕೊಂಡಿತು. 1945ರಲ್ಲಿ ಐಲೆನ್‌ಬರ್ಗ್ ಮತ್ತು ಮ್ಯಾಕ್‌ಲೇನ್ ಕೆಟಗರಿ ಥಿಯರಿಯನ್ನು ಪ್ರಬಂಧವಾಗಿ ಮುಂದಿಟ್ಟರು. ಸ್ವೀಡ್ಲರ್ 1969ರಲ್ಲಿ ಹಾಪ್ ಆಲ್ಜೀಬ್ರಾಗಳ ಬಗ್ಗೆಯೇ ಒಂದು ಪುಸ್ತಕ ಬರೆದರು.

ಇವೆರಡು ಸೇರುವುದೆಲ್ಲಿ? ಮಾಡ್ಯೂಲ್ ಅಂದರೆ ಆಲ್ಜೀಬ್ರಾ ಕೆಲಸ ಮಾಡುವ ಗದ್ದೆ ಅಂದುಕೊಳ್ಳಿ. ಎರಡು ಗದ್ದೆಗಳನ್ನು ಟೆನ್ಸರ್ ಗುಣಾಕಾರದಿಂದ ಜೋಡಿಸಿದರೆ, ಆ ಜೋಡಿಯ ಮೇಲೆ ಹೇಗೆ ಕೆಲಸ ಮಾಡಬೇಕೆಂದು ಸಾಮಾನ್ಯ ಆಲ್ಜೀಬ್ರಾಕ್ಕೆ ಗೊತ್ತಿಲ್ಲ. ಕೆಲಸವನ್ನು ಇಬ್ಬರಿಗೆ ಹಂಚುವ ನಿಯಮ ಬೇಕು. ಅದೇ ಸಹಗುಣಾಕಾರ. ಪಿಯುಸಿಯಲ್ಲಿ ಎರಡು ಫಂಕ್ಷನ್‌ಗಳ ಗುಣಲಬ್ಧವನ್ನು ಡಿಫರೆನ್ಷಿಯೇಟ್ ಮಾಡಿದ್ದು ನೆನಪಿದೆಯಾ? ಮೊದಲನೆಯದರ ಮೇಲೆ ಕ್ರಿಯೆ ಮಾಡಿ ಎರಡನೆಯದನ್ನು ಹಾಗೇ ಬಿಡು, ಆಮೇಲೆ ಎರಡನೆಯದರ ಮೇಲೆ ಮಾಡಿ ಮೊದಲನೆಯದನ್ನು ಬಿಡು, ಎರಡನ್ನೂ ಕೂಡಿಸು. ಹೆಸರು ಗೊತ್ತಿಲ್ಲದೆಯೇ ನಾವೆಲ್ಲ ಸಹಗುಣಾಕಾರ ಮಾಡಿದ್ದೆವು!

ಇನ್ನೂ ಸೊಗಸಾದದ್ದು ಇದರ ವಿಲೋಮ. ಕಾಂಪ್ಯಾಕ್ಟ್ ಗ್ರೂಪನ್ನು ಅದರ ರೆಪ್ರೆಸೆಂಟೇಷನ್‌ಗಳಿಂದಲೇ ಮತ್ತೆ ಕಟ್ಟಬಹುದೆಂದು ಜಪಾನಿನ ತನ್ನಾಕಾ 1930ರ ದಶಕದ ಕೊನೆಯಲ್ಲಿ ತೋರಿಸಿದ್ದರು. ಬೈಆಲ್ಜೀಬ್ರಾಕ್ಕೂ ಅದೇ ದಾರಿ ಒದಗಿತು: ಅದರ ಮಾಡ್ಯೂಲುಗಳು, ಅವು ಜೋಡಿಯಾಗುವ ರೀತಿ, ಪ್ರತಿಯೊಂದರ ಅಡಿಯಲ್ಲಿರುವ ವೆಕ್ಟರ್ ಸ್ಪೇಸ್ ಇಷ್ಟು ಗೊತ್ತಿದ್ದರೆ ಸಾಕು, ಬೈಆಲ್ಜೀಬ್ರಾವೇ ವಾಪಸ್ ಸಿಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸೋರ್ಸ್ ಕೋಡ್ ನೋಡದೆ ಬರೀ ಬಳಕೆಯಿಂದ ಪ್ರೋಗ್ರಾಮನ್ನು ಗುರುತಿಸಿದ ಹಾಗೆ.

1986ರ ಬರ್ಕ್ಲಿ ಗಣಿತ ಸಮ್ಮೇಳನದ ಪ್ರಬಂಧದಲ್ಲಿ ಡ್ರಿನ್‌ಫೆಲ್ಡ್ ಕ್ವಾಂಟಮ್ ಗ್ರೂಪ್‌ಗಳನ್ನು ಮುಂದಿಟ್ಟರು. ಅಲ್ಲಿ ಎರಡು ಮಾಡ್ಯೂಲುಗಳನ್ನು ಎಡಬಲ ಬದಲಿಸಿ, ಮತ್ತೊಮ್ಮೆ ಬದಲಿಸಿದರೆ ಮೊದಲಿನ ಸ್ಥಿತಿಗೇ ಬರಬೇಕೆಂದಿಲ್ಲ. ಜಡೆ ಹೆಣೆದಂತೆ ತಿರುವು ಉಳಿಯುತ್ತದೆ. ಗಂಟುಗಳ ಗಣಿತಕ್ಕೆ ಇದರಿಂದ ದೊಡ್ಡ ದಾರಿ ತೆರೆಯಿತು.

ಇಷ್ಟು ಬರೆಯುವಷ್ಟರಲ್ಲಿ ಎಷ್ಟು ಇಂಗ್ಲಿಷ್ ಪದ ಬಂದವು ನೋಡಿ! 12ನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದಿದ್ದ. ಲೆಕ್ಕ ಹೇಳುವ ಶಕ್ತಿ ಈ ಭಾಷೆಗೆ ಹೊಸದಲ್ಲ, ನಾವು ಹೇಳುವುದನ್ನು ನಿಲ್ಲಿಸಿದ್ದೇವೆ ಅಷ್ಟೇ. ಹೇಳದಿದ್ದರೆ ಪದ ಹುಟ್ಟುವುದಿಲ್ಲ, ಪದವಿಲ್ಲ ಅಂತ ಯಾರೂ ಹೇಳುವುದಿಲ್ಲ... ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಜಾಣ ಹುಡುಗಿಗೆ ಈ ಗಣಿತ ಇದೆ ಅನ್ನುವ ಸುದ್ದಿಯೇ ತಲುಪುವುದಿಲ್ಲ.

'ಮಾಡ್ಯೂಲ್'ಗೆ ಗದ್ದೆ ಅಂತಲೇ ಇಡೋಣವೆಂದರೆ, ಗಣಿತದಲ್ಲಿ 'ಫೀಲ್ಡ್' ಅನ್ನುವುದು ಬೇರೆಯೇ ಇದೆ, ಗೊಂದಲವಾದೀತು. ನಿಮಗೇನಾದರೂ ಹೊಳೆದರೆ ಹೇಳಿ.