ಕುಸನೂರಿನಲ್ಲಿ ಕಿತ್ತ ಸಸಿಗಳು

1987ರ ನವೆಂಬರ್ 14. ಅಂದಿನ ಧಾರವಾಡ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕುಸನೂರು ಗ್ರಾಮದಲ್ಲಿ ಸುತ್ತಲಿನ ಹಳ್ಳಿಗಳ ಜನ ಸೇರಿದರು. ಊರ ಸಾಮೂಹಿಕ ಭೂಮಿಯಲ್ಲಿ ಬೆಳೆಯುತ್ತಿದ್ದ ಸುಮಾರು 100 ನೀಲಗಿರಿ ಸಸಿಗಳನ್ನು ಕಿತ್ತರು. ಅದೇ ನೆಲದಲ್ಲಿ ಹಣ್ಣು ಮತ್ತು ಮೇವು ಕೊಡುವ ಗಿಡಗಳನ್ನು ನೆಟ್ಟರು. ಗಿಡ ಕಿತ್ತವರನ್ನು ಪರಿಸರದ ಹೋರಾಟಗಾರರೆಂದು ಕರೆಯುವುದು ವಿಚಿತ್ರವೆನಿಸಬಹುದು. ಆದರೆ ಆ ದಿನದ ಕೆಲಸದ ಅರ್ಥ ಇದ್ದದ್ದು ಈ ವೈಚಿತ್ರ್ಯದಲ್ಲಿಯೇ.

ಆ ಚಳವಳಿಗೆ ಇಟ್ಟ ಹೆಸರು 'ಕಿತ್ತಿಕೊ-ಹಚ್ಚಿಕೊ'. ಧಾರವಾಡ ಸೀಮೆಯ ಮಾತಿನಲ್ಲಿ ಗಿಡ ಹಚ್ಚುವುದೆಂದರೆ ನೆಡುವುದು. ನಾಲ್ಕು ವರ್ಷಗಳ ಹಿಂದೆ, 1983ರ ಸೆಪ್ಟೆಂಬರ್‌ನಲ್ಲಿ, ನೆರೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಹಳ್ಳಿಗರು ಮರಗಳನ್ನು ಅಪ್ಪಿಕೊಂಡು ಕಡಿತ ತಡೆದಿದ್ದರು. ಅಲ್ಲಿ ಕಾಡು ಉಳಿಸಲು ಅಪ್ಪಿಕೊಂಡರು, ಇಲ್ಲಿ ಕಿತ್ತರು. ಎರಡೂ ಕಡೆ ಜನ ಕೇಳಿದ ಪ್ರಶ್ನೆ ಒಂದೇ: ಈ ಮರ ಯಾರಿಗಾಗಿ?

ಕುಸನೂರಿನ ಕಥೆ ಶುರುವಾದದ್ದು 1984ರಲ್ಲಿ. ಆ ವರ್ಷ ರಾಜ್ಯ ಸರಕಾರ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಕೂಡಿ 'ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್' ಎಂಬ ಜಂಟಿ ಕ್ಷೇತ್ರದ ಕಂಪನಿ ಸ್ಥಾಪಿಸಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತಯಾರಿಸುವ ಕಾರ್ಖಾನೆಗೆ ಕಟ್ಟಿಗೆ ಬೆಳೆದು ಒದಗಿಸುವುದು ಇದರ ಉದ್ದೇಶ. ಇದಕ್ಕೆಂದು ಹಲವು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು ಭೂಮಿಯನ್ನು ಕಂಪನಿಗೆ ಕೊಡಲು ಸರಕಾರ ಒಪ್ಪಿತು. ಕಾಗದಪತ್ರಗಳಲ್ಲಿ ಅದು 'ಸಿ' ಮತ್ತು 'ಡಿ' ವರ್ಗದ ಭೂಮಿ. ಊರವರ ಬಾಯಲ್ಲಿ ಇಂಥ ನೆಲಕ್ಕೆ ಇರುವ ಹೆಸರು ಗಾಯರಾಣ.

ಕಚೇರಿಯ ಕಣ್ಣಿಗೆ ಗಾಯರಾಣ ಪಾಳುಭೂಮಿ. ಊರಿಗೆ ಅದು ದನ-ಕುರಿಗಳ ಮೇವು, ಒಲೆಯ ಕಟ್ಟಿಗೆ, ನೇಗಿಲ ಮರ. ಸ್ವಂತ ಹೊಲವಿಲ್ಲದವರಿಗೆ ಅದೇ ಆಧಾರ. ನೀಲಗಿರಿ ಬೇಗ ಬೆಳೆಯುತ್ತದೆ, ದನ ಅದರ ಎಲೆ ಮುಟ್ಟುವುದಿಲ್ಲ. ಕಾವಲಿನ ಖರ್ಚು ಉಳಿಯುವುದರಿಂದ ಕಂಪನಿಗೆ ಇದು ಅನುಕೂಲ. ದನ ಸಾಕುವವನಿಗೆ ಇದೇ ಸಂಕಟ.

ಧಾರವಾಡ ಜಿಲ್ಲೆಯ ನೆಲ ಬಲ್ಲವರಿಗೆ ಇದರ ಪರಿಣಾಮ ಬೇಗ ತಿಳಿಯುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಕಾಡಿದೆ, ಕಟ್ಟಿಗೆ ಸಿಗುತ್ತದೆ. ನವಲಗುಂದ, ಅಣ್ಣಿಗೇರಿಗಳ ಎರೆ ಬಯಲಿನಲ್ಲಿ ಮರಗಳೇ ವಿರಳ. ಅಲ್ಲಿ ಬಹುಕಾಲ ಒಲೆ ಉರಿದದ್ದು ಹತ್ತಿಯ ಕಟಗಿ, ಜೋಳದ ಕೊಯ್ಲಿ, ಕುಳ್ಳುಗಳಿಂದ. ಕಟ್ಟಿಗೆ ಸಿಗದಿದ್ದರೆ ಹೊಲಕ್ಕೆ ಹೋಗಬೇಕಾದ ಸಗಣಿ ಒಲೆ ಸೇರುತ್ತದೆ. ಗೊಬ್ಬರವಿಲ್ಲದ ಮಣ್ಣು ಸಾರ ಕಳೆದುಕೊಳ್ಳುತ್ತದೆ. ಗಾಯರಾಣ ಕೈತಪ್ಪಿದರೆ ಮಲೆನಾಡಿನ ಅಂಚಿನ ಊರಿಗೂ ಎರೆ ಬಯಲಿನ ಈ ಪಾಡೇ ಬರುತ್ತದೆ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅದರ ಮುಂದಾಳು ಎಸ್.ಆರ್. ಹಿರೇಮಠ. 1986ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯಲ್ಲಿ ಹಿರಿಯ ಸಾಹಿತಿ ಶಿವರಾಮ ಕಾರಂತರೂ ಜೊತೆಗೂಡಿದರು. 1987ರ ಮಾರ್ಚ್‌ನಲ್ಲಿ ಕೋರ್ಟು ತಡೆಯಾಜ್ಞೆ ನೀಡಿತು. ಆದರೆ ದಿಲ್ಲಿಯ ಆಜ್ಞೆಯೊಂದೇ ಸಾಲದು, ಭೂಮಿ ತಮ್ಮದೆಂದು ಊರವರೇ ಹೇಳಬೇಕಿತ್ತು. ಕುಸನೂರಿನ ಸತ್ಯಾಗ್ರಹ ಮಾಡಿದ್ದು ಅದನ್ನೇ. 1991ರ ಹೊತ್ತಿಗೆ ಸರಕಾರ ಕಂಪನಿಯನ್ನು ಮುಚ್ಚುವ ದಾರಿ ಹಿಡಿಯಿತು. ಜಿಲ್ಲೆಯ ವಿಭಜನೆಯಾದ ಮೇಲೆ, 1997ರಿಂದ, ಕುಸನೂರು ಹಾವೇರಿ ಜಿಲ್ಲೆಗೆ ಸೇರಿದೆ.

ಕುಸನೂರಿನ ಜನ ಅಂದು ಹವಾಮಾನದ ಬದಲಾವಣೆಯ ಮಾತನಾಡಿರಲಿಲ್ಲ. ಆ ವಿಷಯವನ್ನು ಪರಿಶೀಲಿಸಲು ವಿಶ್ವಸಂಸ್ಥೆಯ ಆಶ್ರಯದಲ್ಲಿ ಅಂತರ್‌ಸರಕಾರಿ ಸಮಿತಿ ರಚನೆಯಾದದ್ದು ಮರುವರ್ಷ, 1988ರಲ್ಲಿ. 1997ರ ಕ್ಯೋಟೊ ಒಪ್ಪಂದದ ನಂತರ ಮರ ನೆಟ್ಟು ಇಂಗಾಲದ ಲೆಕ್ಕ ಸರಿದೂಗಿಸುವ ವಿಚಾರ ಜಗತ್ತಿನೆಲ್ಲೆಡೆ ಹಬ್ಬಿತು. ಮರ ಗಾಳಿಯಲ್ಲಿನ ಇಂಗಾಲವನ್ನು ಹೀರಿ ಕಾಂಡ, ಬೇರು, ಮಣ್ಣಿನಲ್ಲಿ ಇಡುತ್ತದೆ ಎಂಬುದು ನಿಜ. ಆದರೆ ಎಷ್ಟು ಕಾಲ ಇಡುತ್ತದೆ ಎಂಬುದೂ ಮುಖ್ಯ. ಕೆಲವೇ ವರ್ಷಗಳಿಗೊಮ್ಮೆ ಕಡಿದು ತಿರುಳು ಮಾಡಿದರೆ ಕೂಡಿಟ್ಟದ್ದರಲ್ಲಿ ಬಹುಪಾಲು ಬೇಗ ಗಾಳಿಗೆ ಮರಳುತ್ತದೆ. ಹುಲ್ಲು, ಬೇವು, ಹುಲಗಲಗಳಿರುವ ಗಾಯರಾಣ ನಿಧಾನ ಬೆಳೆದರೂ ಬೇರುಗಳಲ್ಲಿ ಅದನ್ನು ಹಿಡಿದಿಡುತ್ತದೆ, ಜೊತೆಗೆ ಊರಿನ ಒಲೆ, ಕೊಟ್ಟಿಗೆ, ಹೊಲಗಳನ್ನೂ ನಡೆಸುತ್ತದೆ.

ಕಂಪನಿಯ ಪರವಾಗಿಯೂ ವಾದವಿತ್ತು. ತಿರುಳಿಗೆ ಕಟ್ಟಿಗೆ ಎಲ್ಲಿಂದಲಾದರೂ ಬರಬೇಕು. ನೆಡುತೋಪು ಬೆಳೆಸದಿದ್ದರೆ ಸಹಜ ಕಾಡೇ ಬಲಿಯಾಗುತ್ತದೆ ಎಂಬುದನ್ನು ತಳ್ಳಿಹಾಕುವಂತಿಲ್ಲ. ತನ್ನ ಹೊಲದಲ್ಲಿ ರೈತ ನೀಲಗಿರಿ ಬೆಳೆದರೆ ಅದು ಅವನ ಲೆಕ್ಕಾಚಾರ. ಹತ್ತು ಜನರ ಭೂಮಿಯನ್ನು ಅವರನ್ನು ಕೇಳದೆ ಒಬ್ಬರಿಗೆ ಕೊಡುವುದು ಬೇರೆಯೇ ಮಾತು. ನೀಲಗಿರಿಯ ವಿಷಯದಲ್ಲಿ ಸರಕಾರದ ನಿಲುವೂ ಬದಲಾಯಿತು. 2017ರಲ್ಲಿ ಹೊಸದಾಗಿ ಅದನ್ನು ಬೆಳೆಸುವುದನ್ನು ರಾಜ್ಯದಲ್ಲಿ ನಿಷೇಧಿಸಲಾಯಿತು.

ಪ್ರತಿ ಮಳೆಗಾಲದಲ್ಲಿ ನೆಟ್ಟ ಸಸಿಗಳ ಸಂಖ್ಯೆ ಸುದ್ದಿಯಾಗುತ್ತದೆ. ಕುಂದಗೋಳದ ಹಳ್ಳಿಯಾಗಲಿ, ಕಲಘಟಗಿಯ ಹಳ್ಳಿಯಾಗಲಿ, ಸಸಿ ನೆಡುವ ಮುಂಚೆ ಮೂರು ಮಾತು ಕೇಳಬೇಕಾಗುತ್ತದೆ: ಯಾರ ನೆಲದಲ್ಲಿ, ಯಾವ ಗಿಡ, ಯಾರ ಉಪಯೋಗಕ್ಕೆ? ಉತ್ತರ ಕೊಡುವವರು ಊರವರೇ ಆಗಿದ್ದರೆ ಗಿಡಕ್ಕೆ ನೀರು ಹಾಕುವವರೂ, ದನ ಬಾಯಿ ಹಾಕದಂತೆ ಕಾಯುವವರೂ ಅವರೇ ಆಗುತ್ತಾರೆ. ಇಲ್ಲವಾದರೆ ಸಸಿ ನೆಟ್ಟ ಲೆಕ್ಕ ಉಳಿದೀತು, ಮರ ಉಳಿಯದು.